ರಗ್ಬಿ ಆಡಿದರೆ ಹೊಟ್ಟೆ ತುಂಬ್ತದಾ?

ನಮ್ಮ ಪಕ್ಕದ ಮನೆಯ ಹುಡುಗ ಕಾಲೇಜಿನ ಕಬಡ್ಡಿ ಟೀಮಿನಲ್ಲಿ ಕ್ಯಾಚರ್. 2025ರ ಜೂನ್‌ನಲ್ಲಿ, ಹೊರಗೆ ಧೋ ಅಂತ ಮಳೆ ಸುರಿಯುತ್ತಿದ್ದಾಗ, ಟಿವಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನೋಡಿದ. ಮುಂಬೈಯಲ್ಲಿ ನಡೆದ ಆ ಲೀಗಿನಲ್ಲಿ ಆರು ತಂಡಗಳಿದ್ದವು. ಬೆಂಗಳೂರು ಬ್ರೇವ್‌ಹಾರ್ಟ್ಸ್ ಅದರಲ್ಲೊಂದು. ಅಲ್ಲಿಂದ ಶುರುವಾಯಿತು ಹುಚ್ಚು. ಆನ್‌ಲೈನಿನಲ್ಲಿ ಚೆಂಡು ತರಿಸಿದ. ಮಳೆ ಬಿಟ್ಟ ಮೇಲೆ ಭಾನುವಾರ ಬಂತೆಂದರೆ ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ಮಲ್ಪೆ ಬೀಚಿಗೆ ಹೊರಡುತ್ತಾನೆ.

ಒಂದು ಸಂಜೆ ಅವನ ಅಮ್ಮ ಕಾಂಪೌಂಡಿನ ಆಚೆಯಿಂದ ಕೇಳಿದರು: "ಅಲ್ಲ ಮಾರಾಯ್ರೆ, ಈ ಆಟ ಆಡಿದ್ರೆ ಹೊಟ್ಟೆ ತುಂಬ್ತದಾ?"

ಒಂದೇ ಮಾತಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಹೊರದೇಶಗಳಲ್ಲಿ ಸಾವಿರಾರು ಜನರಿಗೆ ಇದೇ ಅನ್ನ. ಆದರೆ ಆ ಅನ್ನ ಎಲ್ಲಿಂದ ಬರುತ್ತದೆ, ಎಷ್ಟು ವರ್ಷ ಬರುತ್ತದೆ, ಮೈಗೆ ಎಷ್ಟು ಬೆಲೆ ತೆರಬೇಕು ಅನ್ನುವುದನ್ನು ಬುಡದಿಂದಲೇ ನೋಡಬೇಕು.

ಮೊದಲು ಆಟ ಅರ್ಥವಾಗಲಿ

ರಗ್ಬಿಯಲ್ಲಿ ಎರಡು ದಾಯಾದಿ ಆಟಗಳಿವೆ. 15 ಜನ ಆಡುವುದು ರಗ್ಬಿ ಯೂನಿಯನ್, 13 ಜನ ಆಡುವುದು ರಗ್ಬಿ ಲೀಗ್. ನಾವು ಮಾತಾಡುವುದು ಯೂನಿಯನ್ ಬಗ್ಗೆ. ಒಟ್ಟು 80 ನಿಮಿಷದ ಪಂದ್ಯ. ಚೆಂಡು ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರ. ನೆಲಕ್ಕೆ ಬಿದ್ದರೆ ಯಾವ ದಿಕ್ಕಿಗೆ ಪುಟಿಯುತ್ತದೆ ಅಂತ ಬ್ರಹ್ಮನಿಗೂ ಗೊತ್ತಿಲ್ಲ. ಅದನ್ನು ಎತ್ತಿಕೊಂಡು ಓಡಬಹುದು, ಒದೆಯಬಹುದು. ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಾಸ್ ಮಾಡುವುದಾದರೆ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ.

ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು 'ಟ್ರೈ', 5 ಅಂಕ. ಆಮೇಲೆ ಚೆಂಡನ್ನು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾಯುವಂತೆ ಒದ್ದರೆ ಇನ್ನೂ 2. ಎದುರಾಳಿಯ ತಪ್ಪಿನಿಂದ ಸಿಕ್ಕ ಪೆನಾಲ್ಟಿಯನ್ನು ಹಾಗೆ ಒದ್ದರೆ 3.

ಚೆಂಡು ಹಿಡಿದವನನ್ನು ಕೆಡವುವುದಕ್ಕೆ ಟ್ಯಾಕಲ್ ಅನ್ನುತ್ತಾರೆ. ಕಬಡ್ಡಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ರೈಡರ್‌ನ ಸೊಂಟಕ್ಕೆ ಕ್ಯಾಚರ್ ಹಾರಿ ಬೀಳುವುದನ್ನು ನೆನಪಿಸಿಕೊಳ್ಳಿ. ವ್ಯತ್ಯಾಸ ಏನೆಂದರೆ, ಕಬಡ್ಡಿಯಲ್ಲಿ ಹಿಡಿದ ಮೇಲೆ ಸೀಟಿ ಊದುತ್ತಾರೆ. ಇಲ್ಲಿ ಊದುವುದಿಲ್ಲ. ಬಿದ್ದವನು ಚೆಂಡು ಬಿಡಬೇಕು, ಕೆಡವಿದವನು ಅವನನ್ನು ಬಿಡಬೇಕು, ಎರಡೂ ಕಡೆಯವರು ಅವರ ಮೇಲೆಯೇ ಬಗ್ಗಿ ನೂಕಾಡಿ ಚೆಂಡು ಎಳೆದುಕೊಳ್ಳಬೇಕು. ಹೆಲ್ಮೆಟ್ ಇಲ್ಲ. ಹಲ್ಲಿಗೆ ಒಂದು ಗಾರ್ಡ್, ಅಷ್ಟೆ.

ಕೂಲಿ ಕೇಳಿದ್ದಕ್ಕೆ ನೂರು ವರ್ಷದ ಜಗಳ

ಈ ಆಟದಲ್ಲಿ ಸಂಬಳ ಅನ್ನುವುದು ಇತ್ತೀಚಿನ ಮಾತು.

ಇಂಗ್ಲೆಂಡಿನ ಉತ್ತರ ಭಾಗದ ಆಟಗಾರರಲ್ಲಿ ಗಣಿ, ಗಿರಣಿ ಕಾರ್ಮಿಕರೇ ಜಾಸ್ತಿ. ಶನಿವಾರ ಪಂದ್ಯಕ್ಕೆ ಹೋದರೆ ಅಂದಿನ ಕೂಲಿ ಹೋಗುತ್ತಿತ್ತು. 'ಆಡಿದ್ದಕ್ಕೆ ದುಡ್ಡು ಬೇಡ, ತಪ್ಪಿದ ಕೂಲಿ ಕೊಡಿ ಸಾಕು' ಅಂತ ಕೇಳಿದರು. ಉಳ್ಳವರೇ ತುಂಬಿದ್ದ ಆಡಳಿತ ಮಂಡಳಿ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಹೋಟೆಲೊಂದರಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ಬೇರೆ ಮನೆ ಮಾಡಿದವು. ಅದೇ ಇಂದಿನ ರಗ್ಬಿ ಲೀಗ್.

ಯೂನಿಯನ್ ಮಾತ್ರ ಹಟ ಬಿಡಲಿಲ್ಲ. ಸರಿಯಾಗಿ ನೂರು ವರ್ಷ, ದೇಶಕ್ಕೆ ಆಡಿದವನಿಗೂ ಅಧಿಕೃತವಾಗಿ ಸಂಬಳ ಇರಲಿಲ್ಲ. ಆಟಗಾರರು ಡಾಕ್ಟರು, ಮೇಷ್ಟ್ರು, ಪೊಲೀಸರು, ರೈತರಾಗಿ ದುಡಿದು, ರಜೆ ಹಾಕಿ ಆಡುತ್ತಿದ್ದರು. ಕರಾವಳಿಯವರಿಗೆ ಇದು ಹೊಸದೇನಲ್ಲ. ನಮ್ಮ ಕಬಡ್ಡಿಯವರೂ ಬಹಳ ಕಾಲ ಬ್ಯಾಂಕು, ರೈಲ್ವೆಯ ಕೆಲಸದ ಮೇಲೆಯೇ ನಿಂತಿದ್ದರು. ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಭಾರತದ ನಾಯಕಿಯಾದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಉದ್ಯೋಗ ಮಾತ್ರ ರೈಲ್ವೆಯಲ್ಲಿ.

ಹಟ ಮುರಿದದ್ದು ಟಿವಿ ದುಡ್ಡು. 1995ರ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲಿ ನಡೆಯಿತು. ನ್ಯೂಜಿಲೆಂಡಿನ 20 ವರ್ಷದ ಜೋನಾ ಲೋಮು ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನವರನ್ನು ತುಳಿದುಕೊಂಡೇ ಹೋಗಿ ನಾಲ್ಕು ಟ್ರೈ ಹೊಡೆದ. ಇಂಥ ಆಟಗಾರನನ್ನು ನೋಡಲು ಜನ ಕಾಯುತ್ತಾರೆ ಅಂತ ಚಾನೆಲ್‌ನವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಫೈನಲ್‌ಗೆ ಮೊದಲೇ ಮಾಧ್ಯಮ ದೊರೆ ರೂಪರ್ಟ್ ಮರ್ಡಾಕ್ ಕಂಪನಿಯ ಜೊತೆ ದಕ್ಷಿಣ ಗೋಳಾರ್ಧದ ಮೂರು ದೇಶಗಳು 10 ವರ್ಷಕ್ಕೆ 55.5 ಕೋಟಿ ಡಾಲರಿನ ಒಪ್ಪಂದ ಘೋಷಿಸಿದವು. ಅದೇ ವರ್ಷದ ಆಗಸ್ಟ್ 26ರಂದು ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಮಂಡಳಿ ಸಂಬಳಕ್ಕಿದ್ದ ತಡೆ ತೆಗೆಯಿತು. ಅಂದರೆ ರಗ್ಬಿ ಯೂನಿಯನ್ ಒಂದು ಕಸುಬಾಗಿ ಮೂವತ್ತು ವರ್ಷ ಆಗಿದೆ, ಅಷ್ಟೇ.

(ನಡುವೆ ಒಂದು ಮಾತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿವರ್ಷ ಸೆಣಸುವ ಕಪ್ ಹೆಸರು ಕಲ್ಕತ್ತಾ ಕಪ್. 1878ರಲ್ಲಿ ಮುಚ್ಚಿದ ಕಲ್ಕತ್ತಾದ ಕ್ಲಬ್ಬೊಂದು ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ಕರಗಿಸಿ ಅದನ್ನು ಮಾಡಿಸಿತು. ಹಿಡಿಕೆ ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. ನಮ್ಮ ರೂಪಾಯಿ ಅಲ್ಲಿ ಇನ್ನೂ ಹೊಳೆಯುತ್ತಿದೆ!)

ಬೆನ್ನಿನ ನಂಬರೇ ಹುದ್ದೆ

ರಗ್ಬಿಯಲ್ಲಿ ಜೆರ್ಸಿ ನಂಬರು ಇಷ್ಟ ಬಂದ ಹಾಗೆ ಸಿಗುವುದಿಲ್ಲ. ನಂಬರು ನೋಡಿದರೆ ಕೆಲಸ ಗೊತ್ತಾಗುತ್ತದೆ. 1ರಿಂದ 8 'ಫಾರ್ವರ್ಡ್'ಗಳು. ಚೆಂಡು ದುಡಿದು ತರುವವರು. 9ರಿಂದ 15 'ಬ್ಯಾಕ್'ಗಳು. ಆ ಚೆಂಡು ಹಿಡಿದು ಓಡುವವರು.

1, 2, 3 ನಂಬರಿನವರನ್ನು ಹತ್ತಿರದಿಂದ ನೋಡಬೇಕು. ಸಣ್ಣ ತಪ್ಪಾದಾಗ ಆಟ ಮತ್ತೆ ಶುರುವಾಗುವುದು 'ಸ್ಕ್ರಮ್' ಮೂಲಕ. ಎಂಟು ಜನ ಒಬ್ಬರಿಗೊಬ್ಬರು ತೋಳು ಬಿಗಿದು, ಬಗ್ಗಿ, ಎದುರಿನ ಎಂಟು ಜನರ ತಲೆಗಳ ಸಂದಿಗೆ ತಲೆ ಸೇರಿಸಿ ನೂಕುತ್ತಾರೆ. ಒಂದೊಂದು ಕಡೆ ಸುಮಾರು 900 ಕಿಲೋ ಭಾರ. ಆ ಭಾರವೆಲ್ಲ ಮುಂದಿನ ಸಾಲಿನ ಮೂವರ ಕುತ್ತಿಗೆ, ಬೆನ್ನಿನ ಮೂಲಕ ಹಾಯುತ್ತದೆ. ನಡುವೆ ನಿಂತ 2ನೇ ನಂಬರಿನವನು 'ಹುಕರ್'. ಎರಡು ತೋಳನ್ನೂ ಪಕ್ಕದ ಇಬ್ಬರು 'ಪ್ರಾಪ್'ಗಳ ಮೇಲೆ ಹಾಕಿ, ನೊಗಕ್ಕೆ ಕಟ್ಟಿದ ಹಾಗೆ ನೇತಾಡುತ್ತಾ, ಕಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆಯಬೇಕು. ಪ್ರಾಪ್ ಅಂದರೆ ಊರುಗೋಲು. ತೂಕ 110ರಿಂದ 130 ಕಿಲೋ. ಟಿವಿಯಲ್ಲಿ ಇವರು ಸುಮ್ನೆ ದಪ್ಪಗಿನವರ ಹಾಗೆ ಕಾಣುತ್ತಾರೆ. ಆದರೆ ಒಳ್ಳೆಯ 3ನೇ ನಂಬರ್ ಪ್ರಾಪ್‌ಗೆ ಮಾರುಕಟ್ಟೆಯಲ್ಲಿ ಭಾರೀ ಬೇಡಿಕೆ. ಈ ಕೆಲಸ ಕಲಿಯಲು ವರ್ಷಗಟ್ಟಲೆ ಬೇಕು, ಇಪ್ಪತ್ತೇಳು ಇಪ್ಪತ್ತೆಂಟಕ್ಕೆ ಪಳಗುತ್ತಾರೆ.

4, 5 'ಲಾಕ್'ಗಳು ತಂಡದ ಎತ್ತರದ ಆಳುಗಳು. ಚೆಂಡು ಬದಿಯ ಗೆರೆಯಾಚೆ ಹೋದಾಗ 'ಲೈನ್‌ಔಟ್'ನಲ್ಲಿ ಇಬ್ಬರು ಇವರ ತೊಡೆ ಹಿಡಿದು ಮೇಲೆತ್ತುತ್ತಾರೆ, ಇವರು ಗಾಳಿಯಲ್ಲಿ ಚೆಂಡು ಹಿಡಿಯುತ್ತಾರೆ. ವಿಟ್ಲಪಿಂಡಿಯ ಮೊಸರು ಕುಡಿಕೆ ನೋಡಿದವರಿಗೆ ಇದು ಪರಿಚಿತ ದೃಶ್ಯ. ಕಾಲು ನೆಲಕ್ಕೆ ತಾಗಿದ ಕೂಡಲೇ ಕೆಡವಲು ಎದುರಾಳಿ ಕಾಯುತ್ತಿರುತ್ತಾನೆ, ಅದೊಂದೇ ಜಾಸ್ತಿ.

6, 7, 8 ಟ್ಯಾಕಲ್ ಯಂತ್ರಗಳು. 9 ಚೆಂಡು ಹಂಚುವ ಚುರುಕಿನವನು. 10 'ಫ್ಲೈ-ಹಾಫ್', ತಂಡದ ಭಾಗವತ. ಯಾವಾಗ ಓಡಬೇಕು, ಯಾವಾಗ ಒದೆಯಬೇಕು ಅಂತ ತಾಳ ಹಿಡಿಯುವವನು. ದೊಡ್ಡ ಸಂಬಳದವರಲ್ಲಿ 10ನೇ ನಂಬರಿನವರು ಎದ್ದು ಕಾಣುತ್ತಾರೆ. ಉಳಿದವರು ಮಧ್ಯದಲ್ಲೂ ಬದಿಯಲ್ಲೂ ಓಡುವವರು. ಎಲ್ಲರೂ ದೈತ್ಯರೇ ಇರಬೇಕು ಅಂತಿಲ್ಲ. ಎರಡು ವಿಶ್ವಕಪ್ ಗೆದ್ದ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬೆ ಎತ್ತರ ಐದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಅಷ್ಟೆ.

ಕಂಬಳದ ಕೋಣ ಸಾಕಿದ ಹಾಗೆ

ಕಂಬಳದ ಗದ್ದೆಯಲ್ಲಿ ಕೋಣ ಓಡುವುದು ಹೆಚ್ಚೆಂದರೆ ಹದಿನೈದು ಸೆಕೆಂಡು. ಅದಕ್ಕಾಗಿ ವರ್ಷವಿಡೀ ಹುರುಳಿ ಬೇಯಿಸಿ ಹಾಕಬೇಕು, ಎಣ್ಣೆ ತಿಕ್ಕಬೇಕು, ಕೆರೆಯಲ್ಲಿ ಈಜಿಸಬೇಕು. ರಗ್ಬಿ ಆಟಗಾರನ ಬದುಕೂ ಹೆಚ್ಚುಕಮ್ಮಿ ಹಾಗೆಯೇ. ವಾರಕ್ಕೊಂದು ಪಂದ್ಯ. 80 ನಿಮಿಷದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 35 ನಿಮಿಷ. ಉಳಿದ ವಾರವೆಲ್ಲ ತಯಾರಿ, ಇಲ್ಲವೇ ರಿಪೇರಿ.

ಶನಿವಾರ ಪಂದ್ಯ ಅಂದುಕೊಳ್ಳಿ. ಭಾನುವಾರ ಮಂಚದಿಂದ ಏಳುವುದೇ ಕಷ್ಟ. ತಣ್ಣೀರಿನ ತೊಟ್ಟಿ, ಮಸಾಜು, ಫಿಸಿಯೋ. ಸೋಮವಾರ ವಿಡಿಯೋ ಮುಂದೆ ಕೂತು ತಪ್ಪು ನೋಡಬೇಕು. ಮಂಗಳವಾರ ಮೈಮುಟ್ಟಿ ಜೋರು ಅಭ್ಯಾಸ. ಬುಧವಾರ ಸಾಮಾನ್ಯವಾಗಿ ರಜೆ. ಗುರುವಾರ ತಂತ್ರ, ಶುಕ್ರವಾರ ಹಗುರ ಓಟ. ಜೆರ್ಸಿ ಒಳಗೆ, ಎರಡು ಹೆಗಲ ನಡುವೆ, ಬೆಂಕಿಪೆಟ್ಟಿಗೆಯಂಥ ಜಿಪಿಎಸ್ ಯಂತ್ರ. ಎಷ್ಟು ಓಡಿದ, ಎಷ್ಟು ವೇಗ, ಎಲ್ಲ ಕೋಚ್‌ನ ಲ್ಯಾಪ್‌ಟಾಪಿಗೆ ಹೋಗುತ್ತದೆ. ಸುಸ್ತಾದ ಹಾಗೆ ನಟಿಸಲು ಆಗುವುದಿಲ್ಲ. ಸುಸ್ತಾಗಿಲ್ಲ ಅಂತ ನಟಿಸಲೂ ಆಗುವುದಿಲ್ಲ.

ಇಂಥ ಬದುಕಿಗೆ ಬರುವ ದಾರಿ ಶಾಲೆಯಿಂದ. ದಕ್ಷಿಣ ಆಫ್ರಿಕಾದಲ್ಲಿ 1964ರಿಂದ ನಡೆಯುತ್ತಿರುವ ಕ್ರೇವನ್ ವೀಕ್ ಅನ್ನುವ ಶಾಲಾ ಪಂದ್ಯಾವಳಿಗೆ ಕ್ಲಬ್‌ನವರು, ಏಜೆಂಟರು ಬಂದು ಕೂರುತ್ತಾರೆ. ಇಂಗ್ಲೆಂಡ್, ಐರ್ಲೆಂಡ್, ಫ್ರಾನ್ಸ್‌ನಲ್ಲಿ ಹದಿನಾರು, ಹದಿನೇಳರ ಹೊತ್ತಿಗೆ ಅಕಾಡೆಮಿಗೆ ಆರಿಸುತ್ತಾರೆ. ಅಲ್ಲಿ ಸೇರಿದ ಹುಡುಗರಲ್ಲಿ ಕೆಲವರಿಗೆ ಮಾತ್ರ ಹಿರಿಯರ ತಂಡದ ಒಪ್ಪಂದ ಸಿಗುತ್ತದೆ. ಉಳಿದವರು ಇಪ್ಪತ್ತರೊಳಗೆ ಮನೆಗೆ.

ಸಂಬಳ: ಮೇಳದ ಲೆಕ್ಕ

ಯಕ್ಷಗಾನ ಕಲಾವಿದನ ಬದುಕು ಗೊತ್ತಿದ್ದರೆ ಇದು ಸುಲಭ. ಕಲಾವಿದ ಒಂದು ಮೇಳಕ್ಕೆ ಒಪ್ಪಿಕೊಳ್ಳುತ್ತಾನೆ. ದೀಪಾವಳಿ ಕಳೆದ ಮೇಲೆ ತಿರುಗಾಟ ಶುರು, ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಗೆಜ್ಜೆ ಬಿಚ್ಚುವುದು. ಮುಂದಿನ ವರ್ಷ ಅದೇ ಮೇಳವೋ ಬೇರೆಯೋ, ಅದು ಮಾತುಕತೆ. ರಗ್ಬಿ ಆಟಗಾರನೂ ಹೀಗೆ ಒಂದು ಕ್ಲಬ್ಬಿಗೆ ಎರಡು ಮೂರು ವರ್ಷಕ್ಕೆ ಸಹಿ ಹಾಕುತ್ತಾನೆ. ಯುರೋಪಿನಲ್ಲಿ ತಿರುಗಾಟ ಸೆಪ್ಟೆಂಬರಿನಿಂದ ಜೂನ್‌ವರೆಗೆ. ನಡುನಡುವೆ ದೇಶದ ತಂಡದಿಂದ ಕರೆ ಬಂದರೆ ಅದು ಹೆಚ್ಚಿನ ಆಟ, ಹೆಚ್ಚಿನ ಸಂಭಾವನೆ.

ದೊಡ್ಡ ಲೀಗುಗಳೆಂದರೆ ಫ್ರಾನ್ಸಿನ ಟಾಪ್ 14, ಇಂಗ್ಲೆಂಡಿನ ಪ್ರೆಮ್ (2025ರವರೆಗೆ ಪ್ರೀಮಿಯರ್‌ಶಿಪ್), ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ, ದಕ್ಷಿಣ ಆಫ್ರಿಕಾ ಸೇರಿ ನಡೆಸುವ ಯುಆರ್‌ಸಿ (ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್), ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಫಿಜಿ ತಂಡಗಳು ಆಡುವ ಸೂಪರ್ ರಗ್ಬಿ, ಜಪಾನಿನ ಲೀಗ್ ಒನ್. ಕ್ಲಬ್‌ಗಳು ಬೇಕಾಬಿಟ್ಟಿ ಖರ್ಚು ಮಾಡಬಾರದು ಅಂತ 'ಸ್ಯಾಲರಿ ಕ್ಯಾಪ್' ಇದೆ. ಅಂದರೆ ಇಡೀ ತಂಡದ ಸಂಬಳಕ್ಕೆ ಒಂದು ಮಿತಿ. ಇಂಗ್ಲೆಂಡಿನಲ್ಲಿ ಮೂಲ ಮಿತಿ 64 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ 70 ಕೋಟಿ ರೂಪಾಯಿಗೂ ಜಾಸ್ತಿ. ದೊಡ್ಡ ಮೊತ್ತ ಅನ್ನಿಸುತ್ತದೆ, ಅಲ್ವಾ? 2025ರ ಐಪಿಎಲ್‌ಗೆ ಪ್ರತಿ ತಂಡದ ಕೈಯಲ್ಲಿದ್ದದ್ದು 120 ಕೋಟಿ. ಅದು ಹೆಚ್ಚೆಂದರೆ 25 ಜನರಿಗೆ, ಎರಡು ತಿಂಗಳಿಗೆ. ರಿಷಭ್ ಪಂತ್ ಒಬ್ಬರಿಗೇ 27 ಕೋಟಿ. ರಗ್ಬಿ ಕ್ಲಬ್ ಅದಕ್ಕಿಂತ ಕಮ್ಮಿ ದುಡ್ಡಿನಲ್ಲಿ ಅದಕ್ಕಿಂತ ದೊಡ್ಡ ಪಡೆಯನ್ನು ಇಡೀ ವರ್ಷ ಸಾಕಬೇಕು. ಹಾಗಾಗಿ ತಾರೆಗಳನ್ನು ಬಿಟ್ಟರೆ ಉಳಿದವರದ್ದು ಒಳ್ಳೆಯ ಆಫೀಸರ್ ಸಂಬಳದ ಮಟ್ಟದ ಬದುಕು. ಅದೂ ಹತ್ತು, ಹನ್ನೆರಡು ವರ್ಷ.

ಮೇಳವೇ ಮುಚ್ಚಿದರೆ? 2022ರ ಶರತ್ಕಾಲದಲ್ಲಿ ಇಂಗ್ಲೆಂಡಿನ ವೂಸ್ಟರ್ ವಾರಿಯರ್ಸ್, ವಾಸ್ಪ್ಸ್ ಎರಡೂ ಸಾಲದಲ್ಲಿ ಮುಳುಗಿದವು. 2023ರ ಜೂನ್‌ನಲ್ಲಿ ಲಂಡನ್ ಐರಿಶ್ ಸರದಿ. ವಾಸ್ಪ್ಸ್ ಎರಡು ಸಲ ಯುರೋಪ್ ಚಾಂಪಿಯನ್ ಆಗಿದ್ದ ಕ್ಲಬ್. ಸೀಸನ್ ನಡುವೆ ಆಟಗಾರರು ಕೆಲಸ ಹುಡುಕುತ್ತಾ ಅಲೆದರು.

ಹೆಂಗಸರ ಕಡೆ ದುಡ್ಡು ಈಗಷ್ಟೇ ಬರುತ್ತಿದೆ. ಇಂಗ್ಲೆಂಡ್ ತನ್ನ ಮಹಿಳಾ ಆಟಗಾರ್ತಿಯರಿಗೆ ಪೂರ್ಣಾವಧಿ ಒಪ್ಪಂದ ಕೊಟ್ಟದ್ದು 2019ರಲ್ಲಿ. 2025ರ ವಿಶ್ವಕಪ್ ಫೈನಲ್‌ನಲ್ಲಿ ಅವರ ಎದುರು ಆಡಿದ ಕೆನಡಾದವರು ತಯಾರಿಗೆ ಜನರಿಂದ ಚಂದಾ ಎತ್ತಿ ಬಂದಿದ್ದರು.

ಫಿಜಿಯವರ ಗಲ್ಫ್

ನಮ್ಮಲ್ಲಿ ಕುಟುಂಬಕ್ಕೊಬ್ಬರು ದುಬೈ, ಮಸ್ಕತ್, ದೋಹಾ ಅಂತ ಹೋಗುತ್ತಾರಲ್ಲ, ಫಿಜಿ, ಸಮೋವಾ, ಟೊಂಗಾ ದ್ವೀಪಗಳ ಹುಡುಗರಿಗೆ ಫ್ರಾನ್ಸ್, ಇಂಗ್ಲೆಂಡ್, ಜಪಾನ್ ಹಾಗೆ. ಫಿಜಿಯ ಜನಸಂಖ್ಯೆ ಹತ್ತು ಲಕ್ಷಕ್ಕಿಂತ ಕಮ್ಮಿ. ಆದರೆ ಫ್ರಾನ್ಸಿನ ಕ್ಲಬ್‌ಗಳಲ್ಲಿ ಅವರಿಲ್ಲದ ತಂಡ ಹುಡುಕಬೇಕು. ಒಬ್ಬ ಆಡಿದ ದುಡ್ಡಿನಲ್ಲಿ ಊರಲ್ಲಿ ಮನೆ ಏಳುತ್ತದೆ, ತಮ್ಮಂದಿರ ಫೀಸು ಕಟ್ಟುತ್ತಾರೆ.

ಇಲ್ಲಿ ಒಂದು ಗೊಂದಲ ಬರುತ್ತದೆ. ಫಿಜಿಯಲ್ಲಿ ಹುಟ್ಟಿದವನು ಇಂಗ್ಲೆಂಡ್ ಜೆರ್ಸಿಯಲ್ಲಿ ಹೇಗೆ? ರಗ್ಬಿಯಲ್ಲಿ ದೇಶಕ್ಕೆ ಆಡಲು ಪಾಸ್‌ಪೋರ್ಟೇ ಬೇಕೆಂದಿಲ್ಲ. ತಾನು ಅಲ್ಲಿ ಹುಟ್ಟಿರಬೇಕು, ಇಲ್ಲವೇ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಒಬ್ಬರು ಹುಟ್ಟಿರಬೇಕು, ಇಲ್ಲವೇ ತಾನು ಅಲ್ಲಿ ಸತತ ಐದು ವರ್ಷ ನೆಲೆಸಿರಬೇಕು. ಮೊದಲು ಮೂರು ವರ್ಷ ಸಾಕಿತ್ತು. 2022ರಿಂದ ಇನ್ನೊಂದು ಬಾಗಿಲು ತೆರೆಯಿತು. ಒಂದು ದೇಶಕ್ಕೆ ಆಡಿ ಮೂರು ವರ್ಷ ದೂರ ಉಳಿದವನು, ತಾನೋ ಹಿರಿಯರೋ ಹುಟ್ಟಿದ ದೇಶಕ್ಕೆ ಒಂದು ಸಲ ಬದಲಾಗಬಹುದು.

ಶ್ರೀಮಂತ ಲೀಗಿನ ಆಸೆಗೆ ಎದುರಾಗಿ ನ್ಯೂಜಿಲೆಂಡ್ ಒಂದು ಬೇಲಿ ಹಾಕಿದೆ. ಅಲ್ಲಿನ ಕ್ಲಬ್ ಬಿಟ್ಟು ಹೊರಗೆ ಹೋದವನಿಗೆ ಸಾಮಾನ್ಯವಾಗಿ ದೇಶದ ಕಪ್ಪು ಜೆರ್ಸಿ ಇಲ್ಲ. ಹಾಗಾಗಿ ಅನೇಕರು ಮೂವತ್ತರವರೆಗೆ ದೇಶಕ್ಕಾಗಿ ಆಡಿ, ಆಮೇಲೆ ದುಡ್ಡಿಗಾಗಿ ಹೊರಡುತ್ತಾರೆ. ಡ್ಯಾನ್ ಕಾರ್ಟರ್ 2015ರ ವಿಶ್ವಕಪ್ ಗೆದ್ದು ಪ್ಯಾರಿಸ್ ಕ್ಲಬ್ ಸೇರಿದರು, ಅಲ್ಲಿಂದ ಜಪಾನಿಗೆ ಹೋದರು.

ತಲೆಗೆ ಬಿದ್ದ ಪೆಟ್ಟು

ಅಮ್ಮಂದಿರು ಹೆದರುವುದು ಇದಕ್ಕೇ, ಹೆದರುವುದು ಸರಿ ಕೂಡ.

ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ನನ್ನ ತಲೆಗೆ ಇನ್ನೊಬ್ಬನ ಮೊಣಕಾಲು ಬಡಿದಿತ್ತು. ಎರಡು ನಿಮಿಷ ಎಲ್ಲಿದ್ದೇನೆ ಅಂತ ಗೊತ್ತಾಗಲಿಲ್ಲ. ಮುಖಕ್ಕೆ ನೀರು ಚಿಮುಕಿಸಿ, ಸೋಡಾ ಕುಡಿಸಿ, 'ಹೋಗು, ಎಂತ ಆಗ್ಲಿಲ್ಲ' ಅಂತ ಮತ್ತೆ ಇಳಿಸಿದರು. ನಾವು ಗೆದ್ದೆವಂತೆ. ನನಗೆ ದ್ವಿತೀಯಾರ್ಧದ ನೆನಪೇ ಇಲ್ಲ.

ಅದಕ್ಕೆ 'ಕನ್ಕಷನ್' ಅಂತ ಹೆಸರು. ಡಬ್ಬಿಯೊಳಗಿನ ಗಟ್ಟಿ ಮೊಸರು ಜೋರಾಗಿ ಕುಲುಕಿದರೆ ಏನಾಗುತ್ತದೆ ನೋಡಿ. ಡಬ್ಬಿ ಒಡೆಯುವುದಿಲ್ಲ, ಒಳಗಿನದು ಕದಡುತ್ತದೆ. ತಲೆಬುರುಡೆಯೊಳಗೆ ಮಿದುಳಿಗೂ ಹಾಗೆ ಆಗುತ್ತದೆ. ಅದು ಸರಿಹೋಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಅಪಾಯ ಹೆಚ್ಚು.

2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಹುಕರ್ ಸ್ಟೀವ್ ಥಾಂಪ್ಸನ್. 2020ರಲ್ಲಿ, 42ನೇ ವಯಸ್ಸಿನಲ್ಲಿ, ತಮಗೆ ಮರೆವಿನ ಕಾಯಿಲೆ ಬಂದಿದೆ ಅಂತ ಹೇಳಿಕೊಂಡರು. ಆ ಫೈನಲ್ ಆಡಿದ್ದೇ ತಮಗೆ ನೆನಪಿಲ್ಲ ಅಂದರು. ಅವರೂ ಇನ್ನೂ ಅನೇಕ ಮಾಜಿ ಆಟಗಾರರೂ ಕ್ರೀಡಾ ಸಂಸ್ಥೆಗಳ ವಿರುದ್ಧ ಕೋರ್ಟಿಗೆ ಹೋದರು.

ಈಗ ನಿಯಮ ಬಿಗಿಯಾಗಿದೆ. ತಲೆಗೆ ಪೆಟ್ಟು ಬಿದ್ದ ಸಂಶಯ ಬಂದರೆ ದೊಡ್ಡ ಪಂದ್ಯಗಳಲ್ಲಿ ಆಟಗಾರನನ್ನು 12 ನಿಮಿಷ ಹೊರಗೆ ಕರೆದು ಡಾಕ್ಟರು ಪರೀಕ್ಷೆ ಮಾಡುತ್ತಾರೆ. ನೆನಪು ಕೇಳುತ್ತಾರೆ, ಗೆರೆಯ ಮೇಲೆ ನಡೆಸುತ್ತಾರೆ. ಪಂದ್ಯ ಮುಗಿದ ಮೇಲೊಂದು, ಒಂದೆರಡು ದಿನ ಬಿಟ್ಟು ಇನ್ನೊಂದು ಪರೀಕ್ಷೆ. ಹಲ್ಲಿನ ಗಾರ್ಡ್‌ನೊಳಗೂ ಈಗ ಸೆನ್ಸರ್ ಬಂದಿದೆ. ಪೆಟ್ಟಿನ ಜೋರು ಮಿತಿ ಮೀರಿದರೆ ಬದಿಯಲ್ಲಿ ಕೂತ ಡಾಕ್ಟರಿಗೆ ಸಂದೇಶ ಹೋಗುತ್ತದೆ. ಹೆಗಲಿಗಿಂತ ಮೇಲೆ ಟ್ಯಾಕಲ್ ಮಾಡುವ ಹಾಗಿಲ್ಲ. ಮಾಡಿದರೆ ಪೆನಾಲ್ಟಿ. ಅಪಾಯದ್ದಾಗಿದ್ದರೆ ಹಳದಿ ಕಾರ್ಡ್, ಹತ್ತು ನಿಮಿಷ ಹೊರಗೆ. ಇನ್ನೂ ಕೆಟ್ಟದಾಗಿದ್ದರೆ ಕೆಂಪು.

ಮೊಣಕಾಲು, ಹೆಗಲು, ಕುತ್ತಿಗೆಯ ಕತೆ ಬೇರೆ. ವೇಲ್ಸ್ ನಾಯಕ ಸ್ಯಾಮ್ ವಾರ್‌ಬರ್ಟನ್ 2018ರಲ್ಲಿ, 29ಕ್ಕೇ ಮೈ ಸಹಕರಿಸುತ್ತಿಲ್ಲ ಅಂತ ನಿಲ್ಲಿಸಿದರು. ಹೆಚ್ಚಿನವರು ಮೂವತ್ತೆರಡು, ಮೂವತ್ತನಾಲ್ಕರ ಸುಮಾರಿಗೆ ಬೂಟು ಬಿಚ್ಚುತ್ತಾರೆ. ನಂತರ ಕೋಚಿಂಗು, ಕಾಮೆಂಟರಿ, ಶಾಲೆಯ ಕೆಲಸ, ವ್ಯಾಪಾರ. ನ್ಯೂಜಿಲೆಂಡಿಗೆ 148 ಟೆಸ್ಟ್ (ರಗ್ಬಿಯಲ್ಲಿ ದೇಶ-ದೇಶಗಳ ನಡುವಿನ ಪಂದ್ಯಕ್ಕೆ ಈ ಹೆಸರು) ಆಡಿದ ರಿಚಿ ಮೆಕಾ ಹೆಲಿಕಾಪ್ಟರ್ ಪೈಲಟ್ ಆದರು.

ಇಲ್ಲಿನ ಹುಡುಗನಿಗೆ ಏನಿದೆ?

15 ಜನರ ರಗ್ಬಿ ಆಡಿ ಸಂಸಾರ ಸಾಗಿಸುವಂಥ ಲೀಗ್ ಭಾರತದಲ್ಲಿ ಇಲ್ಲ. ಇಲ್ಲಿ ಬೆಳೆಯುತ್ತಿರುವುದು ಸೆವೆನ್ಸ್. ಏಳು ಜನ, ತಲಾ ಏಳು ನಿಮಿಷದ ಎರಡು ಅವಧಿ. ಒಲಿಂಪಿಕ್ಸ್‌ನಲ್ಲಿ ಇರುವುದೂ ಇದೇ. 2016ರ ರಿಯೊದಲ್ಲಿ ಮೊದಲ ಪುರುಷರ ಚಿನ್ನ ಗೆದ್ದದ್ದು ಆ ಪುಟ್ಟ ಫಿಜಿ. ನಮ್ಮ ಹುಡುಗ ಟಿವಿಯಲ್ಲಿ ನೋಡಿದ ಲೀಗ್ ಕೂಡ ಸೆವೆನ್ಸ್. ಅದು ನಡೆದದ್ದು ಎರಡು ವಾರ. ವರ್ಷದ ಉಳಿದ ಐವತ್ತು ವಾರಕ್ಕೆ ಬೇರೆ ದಾರಿ ಬೇಕು.

ಆ ದಾರಿ ಸರ್ಕಾರಿ ಕೆಲಸದ್ದು. 2020ರಲ್ಲಿ ಕೇಂದ್ರ ಸರ್ಕಾರ ಕ್ರೀಡಾ ಕೋಟಾದ ಪಟ್ಟಿಗೆ ಹೊಸದಾಗಿ ಸೇರಿಸಿದ ಆಟಗಳಲ್ಲಿ ರಗ್ಬಿ ಇದೆ. ಹಗ್ಗಜಗ್ಗಾಟವೂ ಇದೆ. ರಾಷ್ಟ್ರೀಯ ಮಟ್ಟದ ಸರ್ಟಿಫಿಕೇಟು ಇದ್ದರೆ ಅರ್ಜಿ ಹಾಕಬಹುದು. ಅಂದರೆ 1995ಕ್ಕೆ ಮೊದಲು ಇಂಗ್ಲೆಂಡಿನ ಆಟಗಾರ ಹೇಗಿದ್ದನೋ ಹೆಚ್ಚುಕಮ್ಮಿ ಹಾಗೆ. ಹೊಟ್ಟೆಗೆ ಕೆಲಸ, ಸಂಜೆಗೆ ಆಟ. ಇಷ್ಟನ್ನು ನಾನು ಅವನ ಅಮ್ಮನಿಗೆ ಹೇಳಿದೆ. "ಹಾಗಾದ್ರೆ ಕಬಡ್ಡಿ ಬಿಡ್ಲಿಕ್ಕೆ ಇಲ್ಲ" ಅಂದರು.

ಅವನೂ ಬಿಟ್ಟಿಲ್ಲ. ಕಳೆದ ಭಾನುವಾರ ನಾನೂ ಮಲ್ಪೆಗೆ ಹೋಗಿದ್ದೆ. ಟ್ಯಾಕಲ್‌ನಲ್ಲಿ ಅವನನ್ನು ಮೀರಿಸುವವರಿಲ್ಲ. ಹಿಡಿದರೆ ಬಿಡುವುದಿಲ್ಲ, ಅದು ಕಬಡ್ಡಿ ಕೈ. ಚೆಂಡು ಸಿಕ್ಕಾಗ ಮಾತ್ರ ಗಾಬರಿ. ಮುಂದೆ ಓಡುತ್ತಿರುವ ಗೆಳೆಯನನ್ನು ಕಂಡ ಕೂಡಲೇ ಕೈ ತಾನಾಗಿ ಮುಂದಕ್ಕೆ ಬೀಸುತ್ತದೆ. "ಹಿಂದೆ ಮಾರಾಯ, ಹಿಂದೆ!" ಅಂತ ಎಲ್ಲರೂ ಕೂಗುತ್ತಾರೆ. ಚೆಂಡು ಅಷ್ಟರಲ್ಲಿ ಮರಳಿಗೆ ಬಿದ್ದು, ಎರಡು ಸಲ ಅಡ್ಡ ಪುಟಿದು, ನೀರಿನ ಕಡೆ ಉರುಳುತ್ತಿರುತ್ತದೆ.